ಇಸವಿಯನ್ನು ಬಾಯಲ್ಲಿ ಹೇಳುವುದು ಹೇಗೆ?

1956 ಎಂದು ಬರೆದಿದ್ದರೆ ಏನೆಂದು ಓದುತ್ತೀರಿ? ‘ಸಾವಿರದ ಒಂಬೈನೂರ ಐವತ್ತಾರು’ ಎನ್ನಬಹುದು. ‘ಹತ್ತೊಂಬತ್ತು ನೂರ ಐವತ್ತಾರು’ ಎಂದರೂ ಸರಿಯೇ. ಮನೆಮಾತಿನಲ್ಲಿ ಬರೀ ‘ಐವತ್ತಾರರಲ್ಲಿ’ ಸಾಕು. ಶತಮಾನ ಯಾವುದೆಂದು ಕೇಳುವವರಿಗೆ ಗೊತ್ತಿರಬೇಕು, ಅಷ್ಟೆ.

ಇಂಗ್ಲಿಷ್ ಬೆರೆಸುವವರು ‘ನೈಂಟೀನ್ ಫಿಫ್ಟಿ ಸಿಕ್ಸ್’ ಎಂದು ಎರಡೆರಡು ಅಂಕಿ ಜೋಡಿಸುತ್ತಾರೆ. ಇದೇ ಜೋಡಿ 2005ಕ್ಕೆ ಕೂಡುವುದಿಲ್ಲ. ‘ಟ್ವೆಂಟಿ ಫೈವ್’ ಎಂದರೆ ಇಪ್ಪತ್ತೈದಾಗಿಬಿಡುತ್ತದೆ. ಅದಕ್ಕೇ ಅಲ್ಲಿ ‘ಟೂ ಥೌಸಂಡ್ ಫೈವ್’. ಕನ್ನಡಕ್ಕೆ ಈ ತಾಪತ್ರಯವೇ ಇಲ್ಲ: ‘ಎರಡು ಸಾವಿರದ ಐದು’. ಫೋನಿನಲ್ಲಿ ಜನ್ಮದಿನಾಂಕ ಹೇಳುವಾಗ ಮಾತ್ರ ‘ಒಂದು, ಒಂಬತ್ತು, ಐದು, ಆರು’ ಎಂದು ಬಿಡಿಬಿಡಿಯಾಗಿ ಹೇಳುವುದು ಕ್ಷೇಮ.

ನಿಜವಾದ ತೊಡಕು ಮದುವೆಯ ಕರೆಯೋಲೆಯದು. ‘ಶಾಲಿವಾಹನ ಶಕೆ 1947ನೆಯ ವಿಶ್ವಾವಸು ಸಂವತ್ಸರ’ ಎಂದು ಓದಿದರೆ, ‘ಅದು ಸ್ವಾತಂತ್ರ್ಯ ಬಂದ ವರ್ಷ ಅಲ್ವಾ?’ ಎಂದು ಮಕ್ಕಳು ಕೇಳುತ್ತಾರೆ. ಅಲ್ಲ. ಶಕ ವರ್ಷಕ್ಕೆ 78 ಕೂಡಿಸಿ, 2025 ಬರುತ್ತದೆ. ಮದುವೆ ಜನವರಿ, ಫೆಬ್ರವರಿಯಲ್ಲಿದ್ದರೆ 79 ಕೂಡಿಸಬೇಕು. ಏಕೆಂದರೆ ಶಕ ವರ್ಷ ಬದಲಾಗುವುದು ಯುಗಾದಿಗೆ. ಹಾಗಾಗಿ ಓದುವಾಗ ‘ಶಾಲಿವಾಹನ ಶಕೆ’ ಎಂಬುದನ್ನು ನುಂಗಬೇಡಿ.

ಇನ್ನು ವಿಶ್ವಾವಸು. ಸಂವತ್ಸರ ಎಂದರೆ ವರ್ಷಕ್ಕಿಟ್ಟ ಹೆಸರು. ಪ್ರಭವದಿಂದ ಅಕ್ಷಯದವರೆಗೆ ಇಂಥ 60 ಹೆಸರುಗಳು ಸರದಿಯಂತೆ ಬರುತ್ತವೆ. ಈಗಿನ ಸುತ್ತು ಶುರುವಾದದ್ದು 1987ರ ಯುಗಾದಿಗೆ. ಬೇಕಾದ ಇಸವಿಯಲ್ಲಿ 1987 ಕಳೆದು, ಒಂದು ಕೂಡಿಸಿ. 2025ಕ್ಕೆ 39 ಬರುತ್ತದೆ. ಪಟ್ಟಿಯಲ್ಲಿ 39ನೆಯದೇ ವಿಶ್ವಾವಸು. ಯುಗಾದಿಗಿಂತ ಮುಂಚಿನ ದಿನವಾದರೆ ಒಂದು ಹೆಸರು ಹಿಂದಕ್ಕೆ ಹೋಗಿ.

ಹೆಸರೊಂದನ್ನೇ ಹೇಳಿದರೆ ಸಾಲದೇ? ಸಾಲದು. 1947ರಲ್ಲಿ ಬಂದದ್ದು ಸರ್ವಜಿತು, 2007ರಲ್ಲಿ ಬಂದದ್ದೂ ಸರ್ವಜಿತುವೇ. ತಾತ, ಮೊಮ್ಮಗ ಇಬ್ಬರೂ ಒಂದೇ ಸಂವತ್ಸರದಲ್ಲಿ ಹುಟ್ಟಿರಬಹುದು! ನಮ್ಮ ಎಷ್ಟೋ ಶಾಸನಗಳಲ್ಲಿ ಶಕ ವರ್ಷ, ಸಂವತ್ಸರ ಎರಡನ್ನೂ ಕೆತ್ತಿರುವುದರಿಂದ ಕಾಲ ಗುರುತಿಸುವವರಿಗೆ ಒಂದಕ್ಕೊಂದು ತಾಳೆ ನೋಡಲು ಅನುಕೂಲ. ಉತ್ತರ ಭಾರತದ ಪಂಚಾಂಗದಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ. ಅಲ್ಲಿ ಗುರುಗ್ರಹದ ಚಲನೆ ಹಿಡಿದು ಲೆಕ್ಕ ಹಾಕುತ್ತಾರೆ.

ಇದನ್ನೆಲ್ಲ ತಿಳಿಯಲು ಖರ್ಚಿಲ್ಲ. ಗೋಡೆಯ ಕನ್ನಡ ಕ್ಯಾಲೆಂಡರಿನಲ್ಲೇ ಸಂವತ್ಸರದ ಹೆಸರಿರುತ್ತದೆ. ವಿವರ ಬೇಕಾದವರಿಗೆ ಒಂಟಿಕೊಪ್ಪಲ್ ಪಂಚಾಂಗದಂಥವು ಪುಸ್ತಕದಂಗಡಿ, ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತವೆ. ಯುಗಾದಿಗೆ ಮೊದಲೇ ಹೊಸದು ಬಂದಿರುತ್ತದೆ. ಕೊಳ್ಳುವಾಗ ರಕ್ಷಾಪುಟದ ಮೇಲಿನ ಸಂವತ್ಸರ ನೋಡಿಕೊಳ್ಳಿ, ಹಳೆಯದನ್ನು ಕಟ್ಟಿಕೊಟ್ಟಾರು.