ಮಬ್ಬು ಬೆಳಕಿನ ಹಕ್ಕಿ ಚಿತ್ರ: ಗದ್ದಲ ಹೋಗಲಿ, ಗರಿ ಉಳಿಯಲಿ

ಬೆಂಗಳೂರಿನ ಯಲಹಂಕದಲ್ಲಿರುವ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಇಲ್ಲಿನ ಇರುಳು ಬಕಗಳು ಹಗಲೆಲ್ಲ ಮರದಲ್ಲಿ ವಿರಮಿಸಿ, ಸಂಜೆಗತ್ತಲಿನಲ್ಲಿ ಆಹಾರ ಹುಡುಕಲು ಹೊರಡುತ್ತವೆ. ಹಾರುವ ಹಕ್ಕಿಯ ರೆಕ್ಕೆ ಕಲಸಿಹೋಗದಂತೆ ಚಿತ್ರ ತೆಗೆಯಬೇಕಾದರೆ ಕ್ಯಾಮೆರಾದ ಷಟರ್ ಸುಮಾರು 1/1000 ಸೆಕೆಂಡಿನಷ್ಟು ಮಾತ್ರ ತೆರೆದಿರಬೇಕು. ಅಷ್ಟರಲ್ಲಿ ಒಳಬರುವ ಬೆಳಕು ಅತ್ಯಲ್ಪ. ಹಾಗಾಗಿ ಐಎಸ್‌ಒ ಮೌಲ್ಯವನ್ನು 6400ರಷ್ಟು ಎತ್ತರಿಸಬೇಕಾಗುತ್ತದೆ. ಆಗ ಚಿತ್ರವೇನೋ ಬೆಳಗುತ್ತದೆ. ಆದರೆ ಮರಳು ಎರಚಿದಂತೆ ಚುಕ್ಕೆಗಳೂ ಕಾಣಿಸಿಕೊಳ್ಳುತ್ತವೆ. ಇದೇ ‘ನಾಯ್ಸ್’, ಅಂದರೆ ಗದ್ದಲ.

ಗದ್ದಲ ಬರುವುದೆಲ್ಲಿಂದ?

ಐಎಸ್‌ಒ ಹೆಚ್ಚಿಸಿದರೆ ಬೆಳಕು ಹೆಚ್ಚುವುದಿಲ್ಲ. ಸಿಕ್ಕಿದಷ್ಟು ಬೆಳಕಿನ ಸಂಕೇತ ವರ್ಧಿಸುತ್ತದೆ, ಅಷ್ಟೆ. ಗದ್ದಲದ ಮುಖ್ಯ ಮೂಲ ಬೆಳಕಿನ ಕೊರತೆ. ಬೆಳಕು ಫೋಟಾನ್ ಎಂಬ ಕಣಗಳಾಗಿ, ಗೊತ್ತುಗುರಿಯಿಲ್ಲದೆ ಸೆನ್ಸರಿನ ಮೇಲೆ ಬೀಳುತ್ತದೆ. ಇದನ್ನು ತರಗತಿಯಲ್ಲೇ ತೋರಿಸಬಹುದು. 64 ಮನೆಗಳ ಚದುರಂಗದ ಹಾಸಿನ ಮೇಲೆ 256 ರಾಗಿ ಕಾಳುಗಳು ಉಳಿಯುವಂತೆ ಎರಚಿ. ಸರಾಸರಿ ಮನೆಗೆ 4 ಕಾಳು. ಆದರೆ ಒಂದರಲ್ಲಿ 2, ಇನ್ನೊಂದರಲ್ಲಿ 7 ಇರಬಹುದು. ಈ ಏರಿಳಿತ ಸರಿಸುಮಾರು ಸರಾಸರಿಯ ವರ್ಗಮೂಲದಷ್ಟು, ಅಂದರೆ 2, ಶೇಕಡಾ 50. ಮನೆಗೆ 25 ಕಾಳು ಬೀಳುವಂತೆ ಮಾಡಿದರೆ ಏರಿಳಿತ 5. ಶೇಕಡಾ 20 ಮಾತ್ರ.

ಪಿಕ್ಸೆಲ್‌ಗಳದೂ ಇದೇ ಲೆಕ್ಕ. 6400 ಫೋಟಾನ್‌ಗಳು ಬಿದ್ದಲ್ಲಿ ಏರಿಳಿತ 80, ಅಂದರೆ ಶೇಕಡಾ 1.25. ಬರೀ 100 ಬಿದ್ದಲ್ಲಿ 10, ಅಂದರೆ ಶೇಕಡಾ 10. ಇದರ ಜೊತೆಗೆ ಸಂಕೇತವನ್ನು ಓದುವ ವಿದ್ಯುನ್ಮಂಡಲವೂ ತನ್ನ ಪಾಲಿನ ಗದ್ದಲವನ್ನು ಸೇರಿಸುತ್ತದೆ.

ಕಳೆಯುವ ಬಗೆ

ಅತಿ ಸರಳ ಉಪಾಯ ಸರಾಸರಿ. ಅಕ್ಕಪಕ್ಕದ 4 ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಗದ್ದಲ ಅರ್ಧಕ್ಕಿಳಿಯುತ್ತದೆ. ಆದರೆ ಗರಿಯ ಅಂಚೂ ಮಸುಕಾಗುತ್ತದೆ. ಇದನ್ನು ತಪ್ಪಿಸಲು, ಹೊಳಪಿನಲ್ಲಿ ಸಮೀಪವಿರುವ ನೆರೆಯ ಪಿಕ್ಸೆಲ್‌ಗಳಿಗೆ ಹೆಚ್ಚು ತೂಕ ಕೊಡುವ ‘ಬೈಲ್ಯಾಟರಲ್’ ಶೋಧಕವನ್ನು ತೊಮಾಸಿ ಮತ್ತು ಮಂಡೂಚಿ 1998ರಲ್ಲಿ ವಿವರಿಸಿದರು. 2005ರಲ್ಲಿ ಬ್ಯುಯಾಡೆಸ್, ಕೋಲ್ ಮತ್ತು ಮೊರೆಲ್ ಮುಂದಿಟ್ಟ ವಿಧಾನ ಚಿತ್ರದ ಬೇರೆ ಬೇರೆ ಕಡೆ ಇರುವ ಒಂದೇ ತೆರನ ತುಣುಕುಗಳನ್ನು ಹುಡುಕಿ ಸರಾಸರಿ ಮಾಡುತ್ತದೆ. ಇಂದಿನ ಅನೇಕ ತಂತ್ರಾಂಶಗಳು ಅಸಂಖ್ಯ ಚಿತ್ರಗಳಿಂದ ಕಲಿತ ನರಜಾಲಗಳನ್ನು ಬಳಸುತ್ತವೆ. ಫಲಿತಾಂಶ ಬೆರಗು ಹುಟ್ಟಿಸುವಂತಿರುತ್ತದೆ. ಆದರೆ ಇವು ಚಿತ್ರದಲ್ಲಿ ದಾಖಲಾಗದ ಗರಿಯ ಎಳೆಗಳನ್ನು ತಾವೇ ಊಹಿಸಿ ತುಂಬಬಲ್ಲವು.

ಇಲ್ಲೇ ಎಚ್ಚರ ಬೇಕು. ಪ್ರೌಢ ಇರುಳು ಬಕದ ನೆತ್ತಿ, ಬೆನ್ನು ಕಪ್ಪು, ರೆಕ್ಕೆ ಬೂದು. ಎಳೆಯ ಹಕ್ಕಿಯದು ಕಂದು ರೆಕ್ಕೆ, ಅದರ ಮೇಲೆ ಬಿಳಿ ಚುಕ್ಕೆ. ದೂರದ ಹಕ್ಕಿ ಚಿತ್ರದಲ್ಲಿ ಚಿಕ್ಕದಾಗಿದ್ದರೆ, ಆ ಚುಕ್ಕೆಗೂ ಗದ್ದಲದ ಚುಕ್ಕೆಗೂ ತಂತ್ರಾಂಶಕ್ಕೆ ವ್ಯತ್ಯಾಸ ತಿಳಿಯದು. ಅತಿಯಾಗಿ ನಯಗೊಳಿಸಿದರೆ ಹಕ್ಕಿಯ ವಯಸ್ಸು ಗುರುತಿಸುವ ಸಾಕ್ಷ್ಯವೇ ಅಳಿಸಿಹೋದೀತು!

ನೀವು ಅನುಸರಿಸಬಹುದಾದ ಕ್ರಮ

* ಚಿತ್ರವನ್ನು ‘ರಾ’ ರೂಪದಲ್ಲಿ ತೆಗೆಯಿರಿ. ಜೆಪೆಗ್‌ನಲ್ಲಿ ಕ್ಯಾಮೆರಾ ಮೊದಲೇ ವಿವರವನ್ನು ನಯಗೊಳಿಸಿ ಸಂಕುಚಿಸಿರುತ್ತದೆ.
* ಐಎಸ್‌ಒಗೆ ಹೆದರಿ ಕತ್ತಲೆಯ ಚಿತ್ರ ತೆಗೆದು ಆಮೇಲೆ ಬೆಳಗಿಸುವುದರಿಂದ ಲಾಭವಿಲ್ಲ. ಹಕ್ಕಿ ಕುಳಿತಿದ್ದರೆ ಷಟರ್ ವೇಗ ತಗ್ಗಿಸಿ ಹೆಚ್ಚು ಬೆಳಕು ಸಂಗ್ರಹಿಸಿ.
* ಬಣ್ಣದ ಗದ್ದಲವನ್ನು ಧಾರಾಳವಾಗಿ ತೆಗೆಯಿರಿ; ನಮ್ಮ ಕಣ್ಣು ಸೂಕ್ಷ್ಮ ವಿವರವನ್ನು ಗ್ರಹಿಸುವುದು ಬಹುಪಾಲು ಹೊಳಪಿನ ವ್ಯತ್ಯಾಸದಿಂದ. ಹೊಳಪಿನ ಗದ್ದಲದಲ್ಲಿ ಕೈ ಬಿಗಿಹಿಡಿಯಿರಿ.
* ಆಕಾಶ, ನೀರುಗಳನ್ನು ಬೇರ್ಪಡಿಸಿ ಹೆಚ್ಚು ನಯಗೊಳಿಸಿ, ಹಕ್ಕಿಯನ್ನು ಕಡಿಮೆ. ಅಂಚು ಹರಿತಗೊಳಿಸುವ ಕೆಲಸ ಕೊನೆಗಿರಲಿ.
* ಹಕ್ಕಿ ಅಲುಗಾಡದಿದ್ದರೆ ಮುಕ್ಕಾಲಿಯ ಮೇಲಿಂದ 16 ಚಿತ್ರ ತೆಗೆದು ಸರಾಸರಿ ಮಾಡಿ. ವಿವರ ಕಳೆಯದೆ ಗದ್ದಲ ಕಾಲುಭಾಗಕ್ಕೆ ಇಳಿಯುತ್ತದೆ.

ಮೂಲ ಕಡತವನ್ನು ಎಂದೂ ಅಳಿಸಬೇಡಿ. ಹಕ್ಕಿಯನ್ನು ಗುರುತಿಸುವಾಗ ತಿದ್ದಿದ ಚಿತ್ರವನ್ನು ಮೂಲದ ಪಕ್ಕದಲ್ಲಿಟ್ಟು ನೋಡಿ. ಮೂಲದಲ್ಲಿ ಸುಳಿವೇ ಇಲ್ಲದ ಗರಿ ತಿದ್ದಿದ ಚಿತ್ರದಲ್ಲಿ ಕಂಡರೆ, ಅದನ್ನು ಹಕ್ಕಿಯ ಲಕ್ಷಣವೆಂದು ಬರೆದುಕೊಳ್ಳಬಾರದು.