ಸುಪ್ರೀಂ ಕೋರ್ಟ್ ಅಷ್ಟೊಂದು ದೂರ ಏನಿಲ್ಲ

"ಸುಪ್ರೀಂ ಕೋರ್ಟ್‌ನಿಂದ ಮಹತ್ವದ ತೀರ್ಪು, ಎಲ್ಲರಿಗೂ ಕಳಿಸಿ!" ಅನ್ನೋ ಮೆಸೇಜು ಫ್ಯಾಮಿಲಿ ಗ್ರೂಪಿಗೆ ವಾರಕ್ಕೊಂದಾದರೂ ಬಂದೇ ಬರುತ್ತೆ. ಒಮ್ಮೆ ಆಸ್ತಿ ಪಾಲಿನ ವಿಷಯ, ಇನ್ನೊಮ್ಮೆ ಆಧಾರ್. ಅರ್ಧ ಓದಿ, ಹೆಬ್ಬೆರಳಿನ ಇಮೋಜಿ ಒತ್ತಿ ಮುಂದೆ ಹೋಗ್ತೀವಿ. ತೀರ್ಪು ನಿಜವಾಗಿ ಏನು, ಅದು ನಮಗೆ ಅನ್ವಯ ಆಗುತ್ತಾ ಅಂತ ನೋಡೋಕೆ ಪುರುಸೊತ್ತು ಯಾರಿಗಿದೆ?

ನಾನು ಓದಿದ್ದು ಇಂಜಿನಿಯರಿಂಗ್, ಲಾ ಅಲ್ಲ. ಆದರೆ ಸಂವಿಧಾನ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋಕೆ ಕಪ್ಪು ಕೋಟು ಬೇಕಿಲ್ಲ. ಕನ್ನಡ ನೆಲದವರೇ ಹೂಡಿದ ಮೂರು ಕೇಸು ಗೊತ್ತಿದ್ದರೆ ಅರ್ಧ ಪಾಠ ಮುಗಿದ ಹಾಗೆ.

ಎಡನೀರಿನಿಂದ ಹೊರಟ ಪ್ರಶ್ನೆ

ಕಾಸರಗೋಡಿನ ಹತ್ತಿರದ ಎಡನೀರು ಮಠ ಯಕ್ಷಗಾನ ಪ್ರಿಯರಿಗೆ ಚೆನ್ನಾಗಿ ಗೊತ್ತು. ಅಲ್ಲಿನ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತೆ ಅಂತ. ಕೇಸು ಬೆಳೀತಾ ಬೆಳೀತಾ ಬಹಳ ದೊಡ್ಡ ಪ್ರಶ್ನೆಗೆ ಬಂದು ನಿಂತಿತು: ಸಂಸತ್ತಿನಲ್ಲಿ ಬೇಕಾದಷ್ಟು ಬಹುಮತ ಇದ್ದರೆ ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದಬಹುದಾ?

13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪು ಬಂತು. ತಿದ್ದಬಹುದು, ಆದರೆ ಸಂವಿಧಾನದ ಮೂಲ ಸಂರಚನೆ ಕೆಡಿಸುವಂತಿಲ್ಲ. ಮನೆಗೆ ಬಣ್ಣ ಬದಲಿಸಿ, ರೂಮು ಕಟ್ಟಿಸಿ, ಕಿಟಕಿ ಇಡಿಸಿ, ತಕರಾರಿಲ್ಲ. ಪಾಯಕ್ಕೆ ಮಾತ್ರ ಕೈ ಹಾಕಬೇಡಿ. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಪಾಯಕ್ಕೆ ಈ ಕಾವಲೇ ಇರುತ್ತಿರಲಿಲ್ಲ. ಸ್ವಾಮೀಜಿ ಕೇಳಿದ ಪರಿಹಾರ ಅವರಿಗೆ ಸಿಗಲಿಲ್ಲ. ದೇಶಕ್ಕೆ ಮಾತ್ರ ಅವರ ಹೆಸರಿನ ತೀರ್ಪು ಉಳೀತು.

ಬಹುಮತ ಎಣಿಸೋದು ಎಲ್ಲಿ?

1989ರ ಏಪ್ರಿಲ್. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಬಹುಮತ ಇಲ್ಲ ಅಂತ ರಾಜ್ಯಪಾಲರು ದಿಲ್ಲಿಗೆ ವರದಿ ಕಳಿಸಿದರು. ಸದನದಲ್ಲೇ ಸಾಬೀತು ಮಾಡ್ತೀನಿ ಅಂದರು ಬೊಮ್ಮಾಯಿ. ಅವಕಾಶ ಸಿಗಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟ್‌ನಲ್ಲೂ ಸೋಲಾಯಿತು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತದ ಲೆಕ್ಕ ಆಗಬೇಕಾದ್ದು ವಿಧಾನಸಭೆಯಲ್ಲಿ, ರಾಜಭವನದಲ್ಲಲ್ಲ. 356ನೇ ವಿಧಿಯಡಿ ಸರ್ಕಾರ ವಜಾ ಮಾಡಿದರೆ ಅದನ್ನು ಕೋರ್ಟು ಪರಿಶೀಲಿಸಬಹುದು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, ಹೋದ ಕುರ್ಚಿ ಹೋಗಿಯೇ ಬಿಟ್ಟಿತ್ತು. ಆದರೆ 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಬಹುಮತ ಸಾಬೀತಿಗೆ ಕೊಟ್ಟಿದ್ದ 15 ದಿನವನ್ನು ಕೋರ್ಟು ಕಿತ್ತುಹಾಕಿ, ಮರುದಿನ ಸಂಜೆ 4ಕ್ಕೇ ಸದನದಲ್ಲಿ ತೋರಿಸಿ ಅಂದಾಗ, ಅದರ ಹಿಂದೆ ಇದ್ದದ್ದು ಬೊಮ್ಮಾಯಿ ಕೇಸಿನ ಬಲವೇ.

86ರ ಹಿರಿಯರು, ನಮ್ಮ ಫೋನು

ಮೂರನೆಯದು ನಮ್ಮ ಕೈಯಲ್ಲಿರೋ ಫೋನಿಗೇ ಸಂಬಂಧಪಟ್ಟದ್ದು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. ಆಗ ಆಧಾರ್‌ಗೆ ಸಂಸತ್ತಿನ ಕಾನೂನೇ ಇರಲಿಲ್ಲ; ಅದು ಬಂದದ್ದು 2016ರಲ್ಲಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅನ್ನೋದು ಸರ್ಕಾರದ ವಾದ. ಅದಕ್ಕೆ ಆಧಾರ 1954ರ ಒಂದು ತೀರ್ಪು, ಕೊಟ್ಟಿದ್ದು 8 ನ್ಯಾಯಮೂರ್ತಿಗಳು.

ದೊಡ್ಡ ಪೀಠದ ತೀರ್ಪನ್ನು ಚಿಕ್ಕ ಪೀಠ ತಳ್ಳಿಹಾಕೋಕಾಗಲ್ಲ. ಹಾಗಾಗಿ 9 ಜನರ ಪೀಠ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಒಪ್ಪುವಂಥ ಉದ್ದೇಶ ಇರಬೇಕು, ಎಷ್ಟು ಅಗತ್ಯವೋ ಅಷ್ಟೇ ಇರಬೇಕು.

ಮರುವರ್ಷ ಆಧಾರ್ ಕಾನೂನನ್ನು 4–1ರಲ್ಲಿ ಕೋರ್ಟು ಎತ್ತಿ ಹಿಡಿಯಿತು. ಆದರೆ ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯ ಅನ್ನೋದನ್ನು ತೆಗೆದುಹಾಕಿತು. ಪ್ಯಾನ್ ಜೋಡಣೆ ಉಳೀತು. ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅನ್ನೋ 2018ರ ತೀರ್ಪಿಗೂ ಈ ಖಾಸಗಿತನದ ತೀರ್ಪೇ ಒಂದು ಆಸರೆ.

ನಾವೂ ಹೋಗಬಹುದಾ?

ಹೋಗಬಹುದು. ಮೂಲಭೂತ ಹಕ್ಕಿಗೆ ಧಕ್ಕೆ ಆದರೆ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟ್‌ಗೆ ಹೋಗೋದೇ ಒಂದು ಮೂಲಭೂತ ಹಕ್ಕು. ಅಂಬೇಡ್ಕರ್ ಈ ವಿಧಿಯನ್ನು ಸಂವಿಧಾನದ ಹೃದಯ, ಆತ್ಮ ಅಂತ ಕರೆದಿದ್ದರು. ಆದರೆ ಮೊದಲು ಹೈಕೋರ್ಟ್‌ಗೆ ಹೋಗಿ ಅಂತ ಸುಪ್ರೀಂ ಕೋರ್ಟೇ ಎಷ್ಟೋ ಸಲ ಹೇಳುತ್ತೆ. 226ನೇ ವಿಧಿಯಡಿ ಹೈಕೋರ್ಟಿನ ವ್ಯಾಪ್ತಿ ಇನ್ನೂ ದೊಡ್ಡದು: ಮೂಲಭೂತ ಹಕ್ಕಷ್ಟೇ ಅಲ್ಲ, ಬೇರೆ ಕಾನೂನಿನ ಹಕ್ಕುಗಳಿಗೂ ಅಲ್ಲಿ ಜಾಗ ಇದೆ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠ ಇರೋದರಿಂದ ದಿಲ್ಲಿ ರೈಲು ಹತ್ತೋ ಅಗತ್ಯವೂ ಇಲ್ಲ.

ಒಂದು ಮಾತು ನೆನಪಿರಲಿ. ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರ್ಕಾರದ ವಿರುದ್ಧ ನಮಗಿರೋ ರಕ್ಷಣೆ. ಅಸ್ಪೃಶ್ಯತೆ, ಜೀತದಂಥ ವಿಷಯದಲ್ಲಿ ಖಾಸಗಿಯವರಿಗೂ ಅನ್ವಯಿಸುತ್ತೆ. ಆದರೆ ಕಂಪನಿ ಬೋನಸ್ ಕೊಡಲಿಲ್ಲ, ಮನೆ ಓನರ್ ಅಡ್ವಾನ್ಸ್ ವಾಪಸ್ ಮಾಡಲಿಲ್ಲ ಅನ್ನೋದಕ್ಕೆ ಬೇರೆ ಕಾನೂನು, ಬೇರೆ ಕೋರ್ಟು.

ಫಾರ್ವರ್ಡ್ ಒತ್ತೋ ಮುಂಚೆ

ಕೋರ್ಟಿನ ಸುದ್ದಿ ಓದುವಾಗ ಇಷ್ಟು ನೋಡಿ:

• ಹೇಳಿದ್ದಾ, ಬರೆದದ್ದಾ? ವಿಚಾರಣೆ ವೇಳೆ ನ್ಯಾಯಮೂರ್ತಿಗಳು ಬಾಯಿಮಾತಲ್ಲಿ ಕೇಳೋ ಪ್ರಶ್ನೆ ತೀರ್ಪಲ್ಲ. ಸಹಿ ಆದ ಆದೇಶಕ್ಕೇ ಬೆಲೆ.

• ನೋಟಿಸ್ ಅಂದ್ರೆ ಗೆಲುವಲ್ಲ. ಎದುರು ಪಕ್ಷದವರೇ, ನಿಮ್ಮ ಉತ್ತರ ಏನು ಅಂತ ಕೇಳೋದು ಅಷ್ಟೇ.

• ತಡೆಯಾಜ್ಞೆ ತಾತ್ಕಾಲಿಕ. ಅಂತಿಮ ತೀರ್ಪು ಉಲ್ಟಾ ಬರಬಹುದು.

• ಎಷ್ಟು ಜನರ ಪೀಠ? ಸಂವಿಧಾನದ ವ್ಯಾಖ್ಯಾನದ ಮಹತ್ವದ ಪ್ರಶ್ನೆಗೆ ಕನಿಷ್ಠ 5 ನ್ಯಾಯಮೂರ್ತಿಗಳು ಬೇಕು.

• ಬಹುಮತವಾ, ಭಿನ್ನಮತವಾ? ಭಿನ್ನಮತದ ಸಾಲು ಎಷ್ಟೇ ಚೆನ್ನಾಗಿದ್ದರೂ ಅದು ಕಾನೂನಲ್ಲ.

ಸುಪ್ರೀಂ ಕೋರ್ಟ್ ಕಲಾಪದ ಭಾಷೆ ಇಂಗ್ಲಿಷ್, ನಿಜ. ಆದರೆ ಆಯ್ದ ತೀರ್ಪುಗಳ ಕನ್ನಡ ಅನುವಾದ ಕೋರ್ಟಿನ ವೆಬ್‌ಸೈಟಿನಲ್ಲೇ ಸಿಗುತ್ತೆ. ಸಂವಿಧಾನ ಪೀಠದ ವಿಚಾರಣೆ 2022ರ ಸೆಪ್ಟೆಂಬರ್‌ನಿಂದ ನೇರಪ್ರಸಾರ ಆಗ್ತಿದೆ.

ತೀರ್ಪು ಠಾಣೆವರೆಗೆ ತಲುಪಬೇಕಲ್ಲ

ಇದೆಲ್ಲ ಯಾಕೆ ಬೇಕು ಅಂದ್ರೆ ಐಟಿ ಕಾಯ್ದೆಯ 66ಎ ಸೆಕ್ಷನ್ ಕತೆ ಕೇಳಿ. ಸೋಷಿಯಲ್ ಮೀಡಿಯಾ ಪೋಸ್ಟಿಗೆ ಜನರನ್ನು ಬಂಧಿಸೋಕೆ ಬಳಕೆಯಾಗ್ತಿದ್ದ ಸೆಕ್ಷನ್ ಅದು. ಶ್ರೇಯಾ ಸಿಂಘಾಲ್ ಅನ್ನೋ ಯುವತಿ ಹಾಕಿದ ಅರ್ಜಿಯಿಂದ 2015ರ ಮಾರ್ಚ್ 24ರಂದು ಪೂರ್ತಿ ರದ್ದಾಯಿತು. ಆದರೂ ದೇಶದ ಹಲವು ಕಡೆ ಅದೇ ಸೆಕ್ಷನ್‌ನಲ್ಲಿ ಕೇಸು ಹಾಕೋದು ನಿಲ್ಲಲಿಲ್ಲ. 2021ರಲ್ಲಿ ಇದು ಗೊತ್ತಾಗಿ ಕೋರ್ಟೇ ದಂಗಾಯಿತು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ, ಈ ಸೆಕ್ಷನ್‌ನಡಿ ಯಾರ ಮೇಲೂ ಕೇಸು ನಡೆಸಬೇಡಿ ಅಂತ ಮತ್ತೊಮ್ಮೆ ಹೇಳಬೇಕಾಯಿತು.

ಅಂದರೆ ಏಳು ವರ್ಷ, ಇಲ್ಲದ ಕಾನೂನಿಗೆ ಜನ ಹೆದರಿದರು, ಅಲೆದರು. ಆ ಸೆಕ್ಷನ್ ಸತ್ತಿದೆ ಅಂತ ಠಾಣೆಯಲ್ಲಿ ಕೂತವರಿಗೋ, ಎದುರು ನಿಂತವರಿಗೋ, ಇಬ್ಬರಲ್ಲಿ ಒಬ್ಬರಿಗೆ ಗೊತ್ತಿದ್ದರೂ ಎಷ್ಟೋ ಅಲೆದಾಟ ತಪ್ಪುತ್ತಿತ್ತು.

ಕೊನೆಗೊಂದು ಸಣ್ಣ ಕೆಲಸ. ಫೋನಿನಲ್ಲಿ 15100 ಸೇವ್ ಮಾಡ್ಕೊಳ್ಳಿ. ಇದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತೆ. ನಿಮಗೆ ಬೇಡ ಅನ್ನಿಸಬಹುದು. ಮನೆಗೆಲಸಕ್ಕೆ ಬರೋ ಅಕ್ಕನಿಗೆ, ಊರಲ್ಲಿರೋ ಚಿಕ್ಕಮ್ಮನಿಗೆ ಬೇಕಾಗಬಹುದು. ಗ್ರೂಪಿಗೆ ಫಾರ್ವರ್ಡ್ ಮಾಡೋದಾದರೆ ಇದನ್ನೇ ಮಾಡಿ.