ರೈಲುಗಾಡಿಯಲ್ಲಿ ಸೈಕಲ್ಲು

ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣದ ಬಾಗಿಲಿನಲ್ಲಿ ಒಬ್ಬ ಬಾಲಕನು ಸೈಕಲ್ಲನ್ನು ಹಿಡಿದು ನಿಂತಿದ್ದಾನೆಂದು ಭಾವಿಸೋಣ. ಹತ್ತನೆಯ ತರಗತಿಯನ್ನು ಮುಗಿಸಿದ ಅವನು ಮುಂಬಯಿಯ ಸೋದರಮಾವನ ಮನೆಯಲ್ಲಿದ್ದು ಓದನ್ನು ಮುಂದುವರಿಸಲು ಹೊರಟಿದ್ದಾನೆ. ಸೈಕಲ್ಲನ್ನು ತಂದೆ ಎರಡು ವರ್ಷ ಹಣ ಕೂಡಿಟ್ಟು ಕೊಡಿಸಿದ್ದರು. ಗಾಡಿ ಹೊರಡಲು ಇನ್ನು ಹತ್ತೇ ನಿಮಿಷ. ಟಿಕೆಟ್ ಪರೀಕ್ಷಕರು ಅವನನ್ನು ತಡೆದು, “ನಿನ್ನ ಟಿಕೆಟ್ಟು ಸರಿಯಾಗಿದೆ, ಮಗೂ. ಸೈಕಲ್ಲಿನ ರಸೀದಿ ಎಲ್ಲಿ?” ಎಂದು ಕೇಳುತ್ತಾರೆ. ಬಾಲಕನಲ್ಲಿ ಉತ್ತರವಿಲ್ಲ. ಗಾಡಿಯನ್ನು ಬಿಡುವಂತಿಲ್ಲ, ಸೈಕಲ್ಲನ್ನೂ ಬಿಡುವಂತಿಲ್ಲ. ಇಂತಹ ಸಂಕಟವು ಯಾರಿಗೂ ಒದಗಬೇಕಾಗಿಲ್ಲ. ನಿಯಮವನ್ನೂ ಅದರ ಹಿಂದಿನ ಕಾರಣವನ್ನೂ ಮೊದಲೇ ತಿಳಿದಿದ್ದರೆ ಸಾಕು.

ರೈಲುಗಾಡಿಯೂ ಸೈಕಲ್ಲೂ ಒಂದಕ್ಕೊಂದು ಪೂರಕವಾದ ವಾಹನಗಳು. ರೈಲು ನೂರಾರು ಮೈಲಿಗಳ ದೂರವನ್ನು ಒಂದು ರಾತ್ರಿಯಲ್ಲಿ ಕ್ರಮಿಸುತ್ತದೆ. ಆದರೆ ಅದು ನಿಲ್ದಾಣದಿಂದಾಚೆಗೆ ಒಂದು ಹೆಜ್ಜೆಯನ್ನೂ ಇಡಲಾರದು. ಸೈಕಲ್ಲು ಅಷ್ಟು ದೂರ ಹೋಗಲಾರದು; ಆದರೆ ನಿಲ್ದಾಣದಿಂದ ಮನೆಯ ಹೊಸ್ತಿಲವರೆಗೆ ಖರ್ಚಿಲ್ಲದೆ ತಲಪಿಸುತ್ತದೆ. ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ದೂರದ ಹಳ್ಳಿಯ ಮಕ್ಕಳಿಗೆ ಅದರಿಂದ ಶಾಲೆಯು ಹತ್ತಿರವಾಯಿತು. ಹೀಗೆ ಬಾಳಿಗೆ ಒದಗಿದ ವಾಹನವನ್ನು ಊರು ಬಿಡುವಾಗ ಜೊತೆಗೆ ಒಯ್ಯಬೇಕೆನಿಸುವುದು ಸಹಜವೇ ಆಗಿದೆ.

ಮಂಗಳೂರಿಗೆ ರೈಲುಮಾರ್ಗವು ಬಂದುದು 1907ರಲ್ಲಿ. ಅದು ದಕ್ಷಿಣದ ಮಲಬಾರಿನ ಕಡೆಯಿಂದ ಬಂದ ಹಾದಿ. ಉತ್ತರದ ಕಡೆಗೆ ನೇರವಾದ ಹಾದಿ ಬಹುಕಾಲ ಇರಲಿಲ್ಲ. ಮುಂಬಯಿಗೆ ರೈಲಿನಲ್ಲಿ ಹೋಗುವವರು ಪಾಲಕ್ಕಾಡಿನ ಮೂಲಕ ಬಹುದೂರ ಸುತ್ತಿ ಹೋಗಬೇಕಾಗಿತ್ತು. 1998ರ ಜನವರಿ 26ರಂದು ಕೊಂಕಣ ರೈಲ್ವೆಯು ಪೂರ್ಣವಾಗಿ ತೆರೆದಾಗ ಈ ಕೊರತೆ ನೀಗಿತು. ಇಂದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಂಗಳೂರು ಸೆಂಟ್ರಲಿನಿಂದ ಹೊರಟು ಕರಾವಳಿಯ ಹಾದಿಯಲ್ಲಿಯೇ ಮುಂಬಯಿಯನ್ನು ಸೇರುತ್ತದೆ. ನಮ್ಮ ಬಾಲಕನು ಹತ್ತಬೇಕಾದ ಗಾಡಿಯೂ ಇದೇ.

ಸೈಕಲ್ಲನ್ನು ತಾನು ಕುಳಿತ ಬೋಗಿಯಲ್ಲಿಯೇ ಇರಿಸಿಕೊಂಡರೆ ಆಗದೆ ಎಂದು ಕೆಲವರು ಕೇಳುತ್ತಾರೆ. ಪ್ರಯಾಣಿಕರ ಬೋಗಿಯೊಳಗೆ ಒಯ್ಯಬಹುದಾದ ಪೆಟ್ಟಿಗೆಯ ಅಳತೆಯನ್ನು ರೈಲ್ವೆಯು ಸಾಮಾನ್ಯವಾಗಿ 100 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಎಂದು ಗೊತ್ತುಪಡಿಸಿದೆ. ದೊಡ್ಡವರ ಸೈಕಲ್ಲಿನ ಉದ್ದವೇ ಒಂದೂವರೆ ಮೀಟರಿಗಿಂತ ಹೆಚ್ಚು. ಅದನ್ನು ಬೋಗಿಯ ಓಣಿಯಲ್ಲಿ ಅಥವಾ ಬಾಗಿಲ ಬಳಿ ನಿಲ್ಲಿಸಿದರೆ ಹತ್ತುವವರಿಗೂ ಇಳಿಯುವವರಿಗೂ ಅಡ್ಡಿಯಾಗುತ್ತದೆ. ಬೆಂಕಿಯಂತಹ ಅನಾಹುತ ಸಂಭವಿಸಿದಾಗ ಆ ಅಡ್ಡಿಯು ಪ್ರಾಣಕ್ಕೇ ಎರವಾಗಬಹುದು. ಪ್ರತಿ ಟಿಕೆಟ್ಟಿಗೂ ಇಂತಿಷ್ಟು ತೂಕದ ಸಾಮಾನನ್ನು ಉಚಿತವಾಗಿ ಒಯ್ಯಬಹುದೆಂಬುದು ನಿಜ. ಸ್ಲೀಪರ್ ದರ್ಜೆಯಲ್ಲಿ ಇದು 40 ಕಿಲೋಗ್ರಾಂ. ಆದರೆ ಸೈಕಲ್ಲು, ಸ್ಕೂಟರುಗಳು ಈ ರಿಯಾಯಿತಿಗೆ ಸೇರುವುದಿಲ್ಲ. ಅವುಗಳಿಗೆ ಬೇರೆಯಾಗಿ ಬಾಡಿಗೆಯನ್ನು ತೆತ್ತು ಬ್ರೇಕ್‌ವ್ಯಾನಿನಲ್ಲಿ ಕಳುಹಿಸಬೇಕು. ಸಾಮಾನನ್ನು ತುಂಬಲು ಸ್ಥಳವಿರುವ ಬೋಗಿಯೇ ಬ್ರೇಕ್‌ವ್ಯಾನು. ಗಾಡಿಯ ಕೊನೆಯಲ್ಲಿರುವ ಬ್ರೇಕ್‌ವ್ಯಾನಿನಲ್ಲಿಯೇ ಗಾರ್ಡ್ ಇರುತ್ತಾರೆ. 2022ರಿಂದ ಅವರ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ.

ಹೀಗೆ ಕಳುಹಿಸುವುದರಲ್ಲಿ ಎರಡು ವಿಧಗಳುಂಟು. ಪ್ರಯಾಣಿಕನು ತನ್ನ ಟಿಕೆಟ್ಟನ್ನು ತೋರಿಸಿ, ತಾನು ಹೋಗುವ ಗಾಡಿಯಲ್ಲಿಯೇ ಕಳುಹಿಸುವುದು ಲಗೇಜು. ಟಿಕೆಟ್ಟಿನ ಸಂಬಂಧವಿಲ್ಲದೆ ಕಳುಹಿಸುವುದು ಪಾರ್ಸೆಲು. ಪಾರ್ಸೆಲನ್ನು ಯಾರು ಬೇಕಾದರೂ ಕಳುಹಿಸಬಹುದು. ಆದರೆ ಅದು ಸ್ಥಳ ದೊರೆತ ಗಾಡಿಯಲ್ಲಿ ಹೋಗುವುದರಿಂದ ಒಂದೆರಡು ದಿನ ತಡವಾಗಬಹುದು. ತನ್ನೊಂದಿಗೇ ಸೈಕಲ್ಲು ಬರಬೇಕೆನ್ನುವವನು ಲಗೇಜೆಂದು ದಾಖಲು ಮಾಡಿಸುವುದೇ ಲೇಸು.

ಗಾಡಿ ಹೊರಡುವುದಕ್ಕೆ ಅರ್ಧ ಗಂಟೆಯಾದರೂ ಮುಂಚೆ ಸಾಮಾನನ್ನು ಕಚೇರಿಗೆ ಒಪ್ಪಿಸಬೇಕೆಂಬುದು ನಿಯಮ. ತೂಕ ಮಾಡುವುದು, ಬಾಡಿಗೆಯನ್ನು ಲೆಕ್ಕ ಹಾಕುವುದು, ರಸೀದಿ ಬರೆಯುವುದು ಇವೆಲ್ಲಕ್ಕೂ ಸಮಯ ಬೇಕಾದುದರಿಂದ ಎರಡು ಗಂಟೆ ಮೊದಲೇ ಹೋಗುವುದು ವಿವೇಕ. ಬ್ರೇಕ್‌ವ್ಯಾನಿನ ಕೆಲವು ಭಾಗಗಳನ್ನು ರೈಲ್ವೆಯು ಗುತ್ತಿಗೆಗೆ ಕೊಡುವುದುಂಟು. ಆದ್ದರಿಂದ ಸ್ಥಳವಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ಯಾವ ನಿಲ್ದಾಣದಿಂದ ಯಾವ ಗಾಡಿಗೆ ಎಂಬುದೂ ಮುಖ್ಯ. ಮಂಗಳೂರು ಸೆಂಟ್ರಲಿನಿಂದಲೇ ಹೊರಡುವ ಗಾಡಿಗೆ ಸಾಮಾನನ್ನು ಏರಿಸಲು ಅವಕಾಶ ಸಾಕಷ್ಟಿರುತ್ತದೆ. ಬೇರೆಡೆಯಿಂದ ಬಂದು ಮಂಗಳೂರು ಜಂಕ್ಷನ್ನಿನಲ್ಲಿ ಕೆಲವೇ ನಿಮಿಷ ನಿಂತು ಮುಂದುವರಿಯುವ ಗಾಡಿಗಳಿಗೆ ಏರಿಸುವುದು ಕಷ್ಟ. ಒಂದೆರಡು ನಿಮಿಷ ಮಾತ್ರ ನಿಲ್ಲುವ ಊರುಗಳಲ್ಲಿ ಇಳಿಸುವುದೂ ಹಾಗೆಯೇ. ವಂದೇ ಭಾರತ್‌ನಂತಹ ಗಾಡಿಗಳಲ್ಲಿಯಂತೂ ಇಂತಹ ಸಾಮಾನಿನ ಬೋಗಿಯೇ ಇಲ್ಲ. ಗಾಡಿ ಹೊರಡುವಲ್ಲಿ ಏರಿಸಿ, ಕೊನೆಗೊಳ್ಳುವಲ್ಲಿ ಇಳಿಸುವುದೇ ಎಲ್ಲಕ್ಕಿಂತ ಸುಲಭವಾದ ಉಪಾಯ.

ಇನ್ನು ಸೈಕಲ್ಲನ್ನು ಸಿದ್ಧಪಡಿಸುವ ಬಗೆ. ಪೆಡಲುಗಳನ್ನು ಬಿಚ್ಚಿ ಚೀಲದಲ್ಲಿ ಕಟ್ಟಬೇಕು. ಇಲ್ಲೊಂದು ವಿಶೇಷವಿದೆ. ಬಲಗಡೆಯ ಪೆಡಲು ಸಾಮಾನ್ಯ ತಿರುಪಿನಂತೆ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚುತ್ತದೆ. ಎಡಗಡೆಯದು ಮುಳ್ಳು ತಿರುಗುವ ದಿಕ್ಕಿನಲ್ಲಿಯೇ ಬಿಚ್ಚುತ್ತದೆ. ಇದನ್ನರಿಯದೆ ಬಲವನ್ನು ಪ್ರಯೋಗಿಸಿದರೆ ತಿರುಪು ಇನ್ನಷ್ಟು ಬಿಗಿಯಾಗುವುದು. ಹ್ಯಾಂಡಲನ್ನು ಸಡಿಲಿಸಿ ಮುಂದಿನ ಚಕ್ರದ ನೇರಕ್ಕೆ ತಿರುಗಿಸಿದರೆ ಸೈಕಲ್ಲು ಕಡಿಮೆ ಸ್ಥಳದಲ್ಲಿ ನಿಲ್ಲುತ್ತದೆ. ಚಕ್ರಗಳ ಗಾಳಿಯನ್ನು ಪೂರ್ತಿ ಬಿಡಬಾರದು. ಚಕ್ರದ ಅಂಚು ಜಜ್ಜಿಹೋಗದಂತೆ ಕಾಯುವುದು ಆ ಗಾಳಿಯೇ. ಚೌಕಟ್ಟಿಗೆ ರಟ್ಟನ್ನು ಸುತ್ತಿ, ಮೇಲೆ ಗೋಣಿಯನ್ನು ಹೊಲಿಯಬೇಕು. ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯೂ ಬೇಕು. ಹೆಸರು, ವಿಳಾಸ, ಹೊರಟ ಊರು, ಸೇರುವ ಊರು ಇಷ್ಟನ್ನೂ ದಪ್ಪಕ್ಷರಗಳಲ್ಲಿ ಬರೆದ ಎರಡು ಚೀಟಿಗಳಿರಲಿ. ಒಂದನ್ನು ಹೊರಗೆ, ಇನ್ನೊಂದನ್ನು ಗೋಣಿಯ ಒಳಗೆ ಕಟ್ಟಬೇಕು. ಹೊರಗಿನದು ಹರಿದುಹೋದರೂ ಒಳಗಿನದು ಒಡೆಯನನ್ನು ತಿಳಿಸುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದುದು ರಸೀದಿ. ಅದು ಹಣ ತೆತ್ತುದಕ್ಕೆ ಗುರುತು ಮಾತ್ರವಲ್ಲ. 1989ರ ರೈಲ್ವೆ ಕಾಯಿದೆಯಂತೆ, ನೌಕರನು ಸಾಮಾನನ್ನು ದಾಖಲು ಮಾಡಿಕೊಂಡು ರಸೀದಿಯನ್ನು ಕೊಟ್ಟಾಗಲೇ ರೈಲ್ವೆಯು ಅದರ ಹೊಣೆಯನ್ನು ಹೊರುತ್ತದೆ. ಪ್ರಯಾಣಿಕನು ತನ್ನ ಬಳಿಯೇ ಇರಿಸಿಕೊಂಡ ವಸ್ತುವು ಕಳೆದುಹೋದರೆ, ರೈಲ್ವೆಯ ಅಲಕ್ಷ್ಯದಿಂದಲೇ ಕಳೆಯಿತೆಂದು ಸಿದ್ಧಪಡಿಸುವ ಭಾರವೂ ಅವನದೇ. ಆ ಹೊಣೆಗೂ ಮಿತಿಯಿದೆ. ವಸ್ತುವಿನ ಬೆಲೆಯನ್ನು ಮೊದಲೇ ತಿಳಿಸದಿದ್ದರೆ ಪರಿಹಾರವು ಕಿಲೋಗ್ರಾಮಿಗೆ 100 ರೂಪಾಯಿಯನ್ನು ಮೀರುವುದಿಲ್ಲ. 20 ಕಿಲೋಗ್ರಾಂ ತೂಗುವ ಸೈಕಲ್ಲಿಗೆ ಹೆಚ್ಚೆಂದರೆ 2000 ರೂಪಾಯಿ! ಹೊಸ ಸೈಕಲ್ಲಿನ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಬೆಲೆಯನ್ನು ಬರೆಸಿ, ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕವನ್ನು ತೆರುವುದು ಜಾಣತನ. ಊರು ಸೇರಿದ ಬಳಿಕ ರಸೀದಿಯನ್ನು ತೋರಿಸಿ ಕೂಡಲೇ ಸೈಕಲ್ಲನ್ನು ಬಿಡಿಸಿಕೊಳ್ಳಬೇಕು; ಗಡುವು ಮೀರಿದರೆ ದಂಡವನ್ನು ತೆರಬೇಕಾಗುತ್ತದೆ.

ಜರ್ಮನಿಯಲ್ಲಿ ದೂರ ಸಂಚರಿಸುವ ಹಲವು ರೈಲುಗಳಲ್ಲಿ ಸೈಕಲ್ಲುಗಳಿಗೆಂದೇ ಸ್ಥಳವಿದೆ. ಆಸನದಂತೆ ಅದನ್ನೂ ಮುಂಗಡವಾಗಿ ಕಾಯ್ದಿರಿಸಬೇಕು. ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸಿನಲ್ಲಿಯೂ ಜನಸಂದಣಿಯ ವೇಳೆಯಲ್ಲಿ ಅದನ್ನು ರೈಲಿಗೆ ಏರಿಸುವಂತಿಲ್ಲ. ವ್ಯವಸ್ಥೆಗಳು ಬೇರೆಯಾದರೂ ತತ್ತ್ವ ಒಂದೇ: ಒಬ್ಬನ ಅನುಕೂಲವು ಹಲವರಿಗೆ ತೊಡಕಾಗಬಾರದು.

ನಮ್ಮ ಬಾಲಕನು ಈ ವಿಷಯಗಳನ್ನೆಲ್ಲ ತಿಳಿದು ಹಿಂದಿನ ದಿನವೇ ನಿಲ್ದಾಣಕ್ಕೆ ಹೋಗಿದ್ದರೆ ಏನಾಗುತ್ತಿತ್ತು? ಗೋಣಿಯಲ್ಲಿ ಹೊಲಿದ ಸೈಕಲ್ಲು ಬ್ರೇಕ್‌ವ್ಯಾನನ್ನು ಏರುವುದನ್ನು ಅವನು ಕಣ್ಣಾರೆ ಕಂಡು ನಿಶ್ಚಿಂತೆಯಿಂದ ತನ್ನ ಆಸನದಲ್ಲಿ ಕುಳಿತುಕೊಳ್ಳುತ್ತಿದ್ದನು. ಮರುದಿನ ಮುಂಬಯಿಯಲ್ಲಿ ಪೆಡಲುಗಳನ್ನು ತಿರುಪಿ ಕೂಡಿಸಿ, ಮಾವನ ಮನೆಯ ದಾರಿಯನ್ನು ಹಿಡಿಯುತ್ತಿದ್ದನು. ತಂದೆಯ ಎರಡು ವರ್ಷಗಳ ಉಳಿತಾಯವನ್ನು ಕಾಯ್ದದ್ದು ಅವನ ಕಿಸೆಯಲ್ಲಿದ್ದ ಒಂದು ಚಿಕ್ಕ ಕಾಗದವಾಗಿರುತ್ತಿತ್ತು.